'ಸರ್ವರ್ ಬಂದ್ ಆಗ್ಯಾದ್ರಿ' ಅನ್ನುವ ಮೊದಲು: ಸರ್ವರ್ ರೂಮಿಗೆ ಹೊಸಬರಾದವರು ಕಲಿಯಬೇಕಾದ ಪದಗಳು

"ಸರ್, ಸರ್ವರ್ ಬಂದ್ ಆಗ್ಯಾದ್ರಿ."

ಕಲಬುರಗಿಯಲ್ಲಿ ನನಗೆ ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಹೀಗೇ ಶುರುವಾಗುತ್ತವೆ. ದಾಲ್ ಮಿಲ್, ಆಸ್ಪತ್ರೆ, ಕಾಲೇಜು, ಪತ್ತಿನ ಸಂಘ, ಎಲ್ಲ ಕಡೆಯಿಂದಲೂ ಇದೇ ಮಾತು. ಈ 'ಬಂದ್' ಅನ್ನೋ ಒಂದೇ ಪದದೊಳಗೆ ಕಡಿಮೆ ಅಂದ್ರೂ ಐದು ಬೇರೆ ಬೇರೆ ತೊಂದರೆ ಇರುತ್ತವೆ. ಕರೆಂಟ್ ಇಲ್ಲದೆ ಮಷೀನೇ ಆಫ್ ಆಗಿರಬಹುದು. ಮಷೀನು ಚಾಲೂ ಇದ್ದು ಹ್ಯಾಂಗ್ ಆಗಿರಬಹುದು. ಮಷೀನು ಚೆನ್ನಾಗಿಯೇ ಇದ್ದು ಅದರೊಳಗಿನ ಒಂದು ಸರ್ವಿಸ್, ಅಂದರೆ ಒಂದು ಪ್ರೋಗ್ರಾಂ ಮಾತ್ರ ನಿಂತಿರಬಹುದು. ಎಲ್ಲವೂ ಸರಿ ಇದ್ದು ನೆಟ್‌ವರ್ಕ್ ಕೇಬಲ್ ಸಡಿಲಾಗಿರಬಹುದು. ಅಥವಾ ಪಾಸ್‌ವರ್ಡಿನ ಅವಧಿ ಮುಗಿದು ಲಾಗಿನ್ ಆಗದೆ ಇರಬಹುದು. ಐದಕ್ಕೂ ಮದ್ದು ಬೇರೆ ಬೇರೆ. ಒಂದರ ಮದ್ದು ಇನ್ನೊಂದಕ್ಕೆ ಕೊಟ್ಟರೆ ಇದ್ದದ್ದೂ ಕೆಡುತ್ತದೆ.

ರಾತ್ರಿ ಹತ್ತು ಗಂಟೆಗೆ ಬೆಂಗಳೂರಲ್ಲೋ ಹೈದರಾಬಾದಲ್ಲೋ ಕೂತ ಎಂಜಿನಿಯರಿಗೆ ನಿಮ್ಮ ರೂಮು ಕಾಣುವುದಿಲ್ಲ. ನೀವು ಹೇಳುವ ಮಾತಿನಲ್ಲೇ ಅವರು ನೋಡಬೇಕು. ಅದಕ್ಕೇ ಈ ಪದಗಳನ್ನು ಸುಮ್ನೆ ಪರೀಕ್ಷೆಗೆ ಓದಿದಂತೆ ಬಾಯಿಪಾಠ ಮಾಡಬೇಡಿ. ರೂಮಿಗೆ ಹೋಗಿ, ಒಂದೊಂದನ್ನೂ ಮುಟ್ಟಿ ನೋಡಿ, ಯಾವುದು ಯಾವುದರ ಮೇಲೆ ನಿಂತಿದೆಯೋ ಆ ಕ್ರಮದಲ್ಲೇ ಕಲಿಯಿರಿ. ಕರೆಂಟಿನಿಂದ ಶುರು ಮಾಡೋಣ.

ಮೊದಲು ಕರೆಂಟು ಮತ್ತು ಗಾಳಿ

ಮನೆಯಲ್ಲಿರುವ ಇನ್ವರ್ಟರ್ ಬೇರೆ, ಸರ್ವರ್ ರೂಮಿನ ಆನ್‌ಲೈನ್ ಯುಪಿಎಸ್ ಬೇರೆ. ಇನ್ವರ್ಟರು ಕರೆಂಟ್ ಹೋದ ಮೇಲೆ ಬ್ಯಾಟರಿಗೆ ಬದಲಾಗುತ್ತದೆ, ನಡುವೆ ಒಂದು ಸಣ್ಣ ಅಂತರ ಇರುತ್ತದೆ. ಆನ್‌ಲೈನ್ ಯುಪಿಎಸ್‌ನಲ್ಲಿ ಆ ಅಂತರವೇ ಇಲ್ಲ. ಬಂದ ಕರೆಂಟನ್ನು ಮೊದಲು ಡಿಸಿ ಮಾಡಿ, ಮತ್ತೆ ಎಸಿ ಮಾಡಿ, ಸದಾ ತಾನೇ ಕೊಡುತ್ತಿರುತ್ತದೆ. ಹೊರಗೆ ಲೈನು ಹೋಗಿದ್ದು ಸರ್ವರಿಗೆ ಗೊತ್ತೇ ಆಗುವುದಿಲ್ಲ.

ಯುಪಿಎಸ್ ಮೇಲೆ 3 ಕೆವಿಎ ಅಂತ ಬರೆದಿದ್ದರೆ ಅದು 3000 ವ್ಯಾಟ್ ಅಂದುಕೊಳ್ಳಬೇಡಿ. ಪಕ್ಕದಲ್ಲಿ ಪವರ್ ಫ್ಯಾಕ್ಟರ್ ಅಂತ ಒಂದು ಅಂಕಿ ಇರುತ್ತದೆ. ಅದು 0.9 ಆಗಿದ್ದರೆ ನಿಮಗೆ ನಿಜವಾಗಿ ಸಿಗೋದು 2700 ವ್ಯಾಟ್. ಲೇಸರ್ ಪ್ರಿಂಟರನ್ನು ಮಾತ್ರ ಈ ಯುಪಿಎಸ್‌ಗೆ ಹಚ್ಚಬೇಡಿ. ಕಾಗದ ಬಿಸಿ ಮಾಡುವಾಗ ಅದು ಒಮ್ಮೆಲೇ ಜಾಸ್ತಿ ಕರೆಂಟ್ ಎಳೆಯುತ್ತದೆ.

ಪಿಡಿಯು ಅಂದರೆ ಸರ್ವರುಗಳನ್ನು ಕೂರಿಸುವ ಅಲ್ಮಾರಿಯ, ಅಂದರೆ ರ‍್ಯಾಕಿನ ಹಿಂದೆ ಉದ್ದಕ್ಕೆ ಇರುವ ಪ್ಲಗ್ ಪಟ್ಟಿ. ದೊಡ್ಡ ಸರ್ವರುಗಳ ಹಿಂದೆ ಎರಡು ಪವರ್ ಸಪ್ಲೈ ಇರುತ್ತವೆ, ಒಂದು ಕೆಟ್ಟರೂ ಇನ್ನೊಂದು ನಡೆಸಲಿ ಅಂತ. ಇದಕ್ಕೆ ರಿಡಂಡೆನ್ಸಿ ಅನ್ನುತ್ತಾರೆ. ಆದರೆ ನಾನು ನೋಡಿದ ಎಷ್ಟೋ ರೂಮುಗಳಲ್ಲಿ ಎರಡೂ ವೈರು ಒಂದೇ ಪಿಡಿಯುಗೆ ಹೋಗಿರುತ್ತವೆ. ಆ ಪಿಡಿಯು ಟ್ರಿಪ್ ಆದರೆ ಎರಡೂ ಹೋದವು ಅಲ್ವಾ? ಒಂದನ್ನು ಒಂದು ಯುಪಿಎಸ್‌ಗೆ, ಇನ್ನೊಂದನ್ನು ಬೇರೆ ಯುಪಿಎಸ್‌ಗೆ ಕೊಡಿ. ಎರಡನೇ ಯುಪಿಎಸ್ ಇಲ್ಲದಿದ್ದರೆ ಕಡೇ ಪಕ್ಷ ಬೇರೆ ಎಂಸಿಬಿಯಿಂದ (ಲೋಡ್ ಜಾಸ್ತಿಯಾದರೆ ತಾನೇ ಟ್ರಿಪ್ ಆಗುವ ಸ್ವಿಚ್ಚು) ಬರುವ ಲೈನಿಗೆ ಕೊಡಿ.

ಇನ್ನು ಅರ್ಥಿಂಗ್. ನಮ್ಮದು ಕಪ್ಪು ಮಣ್ಣಿನ ನೆಲ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ. ಅರ್ಥ್ ಪಿಟ್ ಸುತ್ತ ಮಣ್ಣು ಒಣಗಿದರೆ ಅರ್ಥಿಂಗ್ ಹೆಸರಿಗೆ ಮಾತ್ರ ಇರುತ್ತದೆ. ಮಾರ್ಚ್ ಬಂದಕೂಡಲೇ ಪಿಟ್‌ಗೆ ನೀರು ಹಾಕಿಸುವುದನ್ನು ರೂಢಿ ಮಾಡಿಕೊಳ್ಳಿ. ಮಲ್ಟಿಮೀಟರಿನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎಷ್ಟು ವೋಲ್ಟ್ ಇದೆ ಅಂತ ಎಲೆಕ್ಟ್ರಿಷಿಯನ್ ಕೈಲಿ ಅಳೆಸಿ. ಸರ್ವರ್ ಕೂರಿಸಲು ಬರುವವರು ಸಾಮಾನ್ಯವಾಗಿ 2-3 ವೋಲ್ಟಿಗಿಂತ ಕಡಿಮೆ ಇರಬೇಕು ಅಂತ ಕೇಳುತ್ತಾರೆ. ಜಾಸ್ತಿ ಇದ್ದರೆ ಪೆಟ್ಟಿಗೆ ಬಿಚ್ಚುವ ಮೊದಲೇ ಅದನ್ನು ಸರಿಪಡಿಸಿಕೊಳ್ಳಿ.

ಗಾಳಿಯ ವಿಷಯಕ್ಕೆ ಬಂದರೆ ಇನ್‌ಲೆಟ್ ಟೆಂಪರೇಚರ್ ಅನ್ನೋ ಪದ ಮುಖ್ಯ. ಸರ್ವರು ಮುಂದಿನಿಂದ ತಣ್ಣನೆ ಗಾಳಿ ಎಳೆದುಕೊಂಡು ಹಿಂದಿನಿಂದ ಬಿಸಿ ಗಾಳಿ ಬಿಡುತ್ತದೆ. ಆ ಮುಂದಿನ ಗಾಳಿ 18ರಿಂದ 27 ಡಿಗ್ರಿ ಸೆಲ್ಸಿಯಸ್ ನಡುವೆ ಇರಲಿ ಅನ್ನೋದು ಎಲ್ಲೆಡೆ ಒಪ್ಪಿರುವ ಲೆಕ್ಕ. ಹೊರಗೆ ಮೇ ತಿಂಗಳ 42-43 ಡಿಗ್ರಿ ಬಿಸಿಲು ಇದ್ದಾಗ ರೂಮಿನ ಎಸಿ ನಿಂತರೆ ಆ ಲೆಕ್ಕ ಎಷ್ಟು ಬೇಗ ತಪ್ಪುತ್ತದೆ ಅಂತ ಕಲಬುರಗಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎಸಿಯ ಗಾಳಿ ರ‍್ಯಾಕಿನ ಮುಂಭಾಗಕ್ಕೆ ಬೀಳಲಿ. ರ‍್ಯಾಕಿನಲ್ಲಿ ಖಾಲಿ ಬಿಟ್ಟ ಜಾಗಕ್ಕೆ ಬ್ಲ್ಯಾಂಕಿಂಗ್ ಪ್ಯಾನೆಲ್ ಅನ್ನೋ ಮುಚ್ಚಳ ಹಾಕಿ, ಇಲ್ಲದಿದ್ದರೆ ಹಿಂದಿನ ಬಿಸಿ ಗಾಳಿ ಆ ಸಂದಿನಿಂದಲೇ ಮುಂದಕ್ಕೆ ಬರುತ್ತದೆ.

ರ‍್ಯಾಕು ಮತ್ತು ಆ ಮೂರು ತೂತು

ರ‍್ಯಾಕ್ ಅಂದರೆ ಸರ್ವರುಗಳನ್ನು ಒಂದರ ಮೇಲೊಂದು ಕೂರಿಸುವ ಕಬ್ಬಿಣದ ಅಲ್ಮಾರಿ. ಇದರೊಳಗೆ ಕೂರುವ ಮಷೀನುಗಳ ಅಗಲ ಸಾಮಾನ್ಯವಾಗಿ 19 ಇಂಚು ಅನ್ನೋ ಒಂದೇ ಅಳತೆಗೆ ಇರುತ್ತದೆ. ಎತ್ತರವನ್ನು 'ಯು' ಲೆಕ್ಕದಲ್ಲಿ ಹೇಳುತ್ತಾರೆ. 1ಯು ಅಂದರೆ 1.75 ಇಂಚು, ಅಂದರೆ 44.45 ಮಿಲಿಮೀಟರ್. ದೊಡ್ಡ ರ‍್ಯಾಕು ಸಾಮಾನ್ಯವಾಗಿ 42ಯು ಇರುತ್ತದೆ. "2ಯು ಸರ್ವರ್ ಬರ್ತಿದೆ, ಜಾಗ ಇದೆಯಾ?" ಅಂತ ಕೇಳಿದರೆ ಮೂರೂವರೆ ಇಂಚು ಎತ್ತರದ ಜಾಗ ಖಾಲಿ ಇದೆಯಾ ಅಂತ ಅರ್ಥ.

ಹೊಸಬರು ಎಡವೋದು ತೂತುಗಳಲ್ಲಿ. ರ‍್ಯಾಕಿನ ಕಂಬದಲ್ಲಿ ಒಂದು ಯುಗೆ ಮೂರು ಚೌಕ ತೂತು ಇರುತ್ತವೆ. ಎಲ್ಲವೂ ಸಮ ದೂರದಲ್ಲಿ ಇದ್ದಂತೆ ಕಾಣುತ್ತವೆ, ಆದರೆ ಇಲ್ಲ. ಹತ್ತಿರ ಹೋಗಿ ಬೆರಳು ಆಡಿಸಿ ನೋಡಿ. ಎರಡು ತೂತುಗಳ ನಡುವೆ ಅಂತರ ಸ್ವಲ್ಪ ಕಡಿಮೆ ಇರುವ ಜಾಗ ಸಿಗುತ್ತದೆ. ಅಲ್ಲಿ ಒಂದು ಯು ಮುಗಿದು ಇನ್ನೊಂದು ಶುರುವಾಗುತ್ತದೆ. ಇದನ್ನು ನೋಡದೆ ಮಧ್ಯದ ತೂತಿನಿಂದ ಶುರು ಮಾಡಿದರೆ ರೈಲ್ ಕೂರುವುದಿಲ್ಲ, ಕೂತರೂ ಮೇಲಿನ ಮಷೀನಿಗೆ ತಾಗುತ್ತದೆ, ಆಮೇಲೆ ಎಲ್ಲ ಬಿಚ್ಚಿ ಮತ್ತೆ ಹಾಕಬೇಕು. ತೂತಿನೊಳಗೆ ಸಿಕ್ಕಿಸುವ ಸಣ್ಣ ನಟ್ಟಿಗೆ ಕೇಜ್ ನಟ್ ಅನ್ನುತ್ತಾರೆ, ಸರ್ವರು ಜಾರಿ ಒಳಗೆ ಹೋಗುವ ಪಟ್ಟಿಗೆ ರೈಲ್ ಕಿಟ್ ಅನ್ನುತ್ತಾರೆ.

ಭಾರದ್ದು ಕೆಳಗೆ, ಹಗುರದ್ದು ಮೇಲೆ. ಡಿಸ್ಕ್ ತುಂಬಿದ 2ಯು ಸರ್ವರು 25-30 ಕೆ.ಜಿ. ಬರಬಹುದು. ಇಬ್ಬರು ಸೇರಿಯೇ ಎತ್ತಿ.

ಮಷೀನಿನ ಮುಂದೆ ನಿಂತು: ಡಿಸ್ಕುಗಳು

ಮುಂದಿನ ಜಾಲರಿ ಮುಚ್ಚಳಕ್ಕೆ ಬೆಜೆಲ್ ಅನ್ನುತ್ತಾರೆ. ಅದನ್ನು ತೆಗೆದರೆ ಸಾಲಾಗಿ ಡಿಸ್ಕುಗಳು ಕಾಣುತ್ತವೆ. ಒಂದೊಂದು ಡಿಸ್ಕಿನ ಗೂಡಿಗೆ ಬೇ ಅಂತ ಹೆಸರು. ಮಷೀನು ಚಾಲೂ ಇರುವಾಗಲೇ ಡಿಸ್ಕ್ ತೆಗೆದು ಹಾಕಬಹುದಾದರೆ ಅದು ಹಾಟ್ ಸ್ವಾಪ್. ಒಂದು ಡಿಸ್ಕ್ ಕೆಟ್ಟ ಕೂಡಲೇ ತಾನೇ ಅದರ ಜಾಗ ತೆಗೆದುಕೊಳ್ಳಲಿ ಅಂತ ಸುಮ್ಮನೆ ಕಾಯಿಸಿ ಇಟ್ಟ ಡಿಸ್ಕು ಹಾಟ್ ಸ್ಪೇರ್. ಎರಡೂ ಬೇರೆ ಬೇರೆ, ಫೋನಿನಲ್ಲಿ ಅದಲುಬದಲು ಮಾಡಬೇಡಿ.

ಹಲವು ಡಿಸ್ಕುಗಳನ್ನು ಒಟ್ಟಿಗೆ ಕಟ್ಟಿ ಒಂದೇ ದೊಡ್ಡ ಡಿಸ್ಕಿನಂತೆ ಬಳಸುವ ಪದ್ಧತಿಗೆ ರೇಡ್ ಅನ್ನುತ್ತಾರೆ. 4 ಟಿಬಿಯ ನಾಲ್ಕು ಡಿಸ್ಕು ಇವೆ ಅಂದುಕೊಳ್ಳಿ. ರೇಡ್ 0 ಮಾಡಿದರೆ 16 ಟಿಬಿ ಪೂರ್ತಿ ಸಿಗುತ್ತದೆ, ಆದರೆ ಒಂದು ಡಿಸ್ಕ್ ಹೋದರೆ ಎಲ್ಲವೂ ಹೋಯಿತು. ರೇಡ್ 5 ಆದರೆ 12 ಟಿಬಿ, ಒಂದು ಡಿಸ್ಕ್ ಕೆಟ್ಟರೆ ತಡೆದುಕೊಳ್ಳುತ್ತದೆ. ರೇಡ್ 6 ಆದರೆ 8 ಟಿಬಿ, ಯಾವ ಎರಡು ಕೆಟ್ಟರೂ ತಡೆದುಕೊಳ್ಳುತ್ತದೆ. ರೇಡ್ 1 ಅಂದರೆ ಒಂದರ ನಕಲು ಇನ್ನೊಂದರಲ್ಲಿ, ಕನ್ನಡಿ ಹಾಗೆ. ರೇಡ್ 5ರಲ್ಲಿ ಒಂದು ಡಿಸ್ಕ್ ಹೋಗಿ ಉಳಿದವುಗಳ ಮೇಲೆ ನಡೆಯುತ್ತಿರುವ ಸ್ಥಿತಿಗೆ ಡಿಗ್ರೇಡೆಡ್ ಅನ್ನುತ್ತಾರೆ. ಹೊಸ ಡಿಸ್ಕ್ ಹಾಕಿದ ಮೇಲೆ ಅದನ್ನು ತುಂಬಿಸುವ ಕೆಲಸ ರೀಬಿಲ್ಡ್. ಡಿಗ್ರೇಡೆಡ್ ಅಂತ ಕಂಡ ದಿನವೇ ಫೋನ್ ಮಾಡಿ. 'ನಡೀತಾ ಇದೆಯಲ್ಲ' ಅಂತ ಬಿಟ್ಟವರು ಎರಡನೇ ಡಿಸ್ಕ್ ಹೋದಾಗ ಅತ್ತಿದ್ದನ್ನು ನೋಡಿದ್ದೇನೆ.

ಇಲ್ಲೊಂದು ಘಟನೆ ಹೇಳಲೇಬೇಕು. ಕಪನೂರು ಕಡೆ ಒಂದು ದಾಲ್ ಮಿಲ್. ನಾಲ್ಕು ಡಿಸ್ಕಿನ ರೇಡ್ 5. ಒಂದು ಡಿಸ್ಕಿಗೆ ಆರೆಂಜ್ ಲೈಟ್ ಬಂದಿತ್ತು, ಹೊಸ ಡಿಸ್ಕೂ ಕೊರಿಯರ್‌ನಲ್ಲಿ ಬಂದಿತ್ತು. ಫೋನಿನಲ್ಲಿದ್ದ ಎಂಜಿನಿಯರ್ "ಡಿಸ್ಕ್ 2 ತೆಗೀರಿ" ಅಂದರು. ಅಲ್ಲಿದ್ದ ಹುಡುಗ ಎಡಗಡೆಯಿಂದ ಒಂದು, ಎರಡು ಅಂತ ಎಣಿಸಿ ಎರಡನೆಯದನ್ನು ಎಳೆದ. ಆ ಮಷೀನಿನಲ್ಲಿ ಬೇಗಳ ಎಣಿಕೆ ಸೊನ್ನೆಯಿಂದ ಶುರುವಾಗುತ್ತಿತ್ತು. ಅಲ್ಲಿ ಡಿಸ್ಕ್ 2 ಅಂದರೆ ಎಡಗಡೆಯಿಂದ ಮೂರನೆಯದು. ಅವನು ಎಳೆದದ್ದು ಚೆನ್ನಾಗಿದ್ದ ಡಿಸ್ಕು. ಮೊದಲೇ ಒಂದು ಹೋಗಿತ್ತು, ಈಗ ಎರಡಾಯಿತು. ಬಿಲ್ಲಿಂಗ್ ಅಲ್ಲೇ ನಿಂತಿತು, ಹೊರಗೆ ತೊಗರಿ ಲಾರಿಗಳು ಸಾಲು ನಿಂತಿದ್ದವು.

ನಾನು ಹೋದಾಗ ಆ ಹುಡುಗ ಡಿಸ್ಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದ. "ಲೈಟ್ ಮೂರನೇದಕ್ಕ ಇತ್ತು ಸರ್. ಆದ್ರ ಅವ್ರು ಎರಡು ಅಂದ್ರಲ್ರೀ. ದೊಡ್ಡೋರು ಹೇಳ್ಯಾರಂತ ತೆಗದೆ" ಅಂದ. "ತಮ್ಮಾ, ನಿನ್ನ ಕಣ್ಣಿಗೆ ಕಂಡದ್ದೇ ಸರಿ ಇತ್ತು, ಅದನ್ನ ಬಾಯಿಬಿಟ್ಟು ಹೇಳಬೇಕಿತ್ತು" ಅಂದೆ. ಆ ಡಿಸ್ಕ್ ವಾಪಸ್ ಹಾಕಿ ಏನೇನೋ ಮಾಡಿದರೂ ರೇಡ್ ಮೇಲೇಳಲಿಲ್ಲ. ಶನಿವಾರ ರಾತ್ರಿಯ ಬ್ಯಾಕಪ್ ಇತ್ತು. ಅದನ್ನು ಹಾಕಿ, ನಡುವಿನ ಎರಡು ದಿನದ ಲೆಕ್ಕವನ್ನು ಕಾಟಾ (ಲಾರಿ ತೂಕದ) ಚೀಟಿಗಳನ್ನು ನೋಡಿ ಮತ್ತೆ ಟೈಪ್ ಮಾಡಿಸಿದರು.

ಹಾಗಾಗಿ ಡಿಸ್ಕ್ ತೆಗೆಯುವ ಮೊದಲು ಮೂರು ಮಾತು ಹೇಳಿ. "ಸೊನ್ನೆಯಿಂದ ಎಣಿಸ್ತಾ ಇದ್ದೀನಿ, ಎಡಗಡೆಯಿಂದ ಮೂರನೇ ಗೂಡು, ಆರೆಂಜ್ ಲೈಟ್ ಅದಕ್ಕೇ ಇದೆ." ಲೊಕೇಟ್ ಲೈಟ್ ಮಿನುಗಿಸಿ ಅಂತ ಎಂಜಿನಿಯರನ್ನೇ ಕೇಳಬಹುದು, ಅವರು ಅಲ್ಲಿಂದಲೇ ಆ ಡಿಸ್ಕಿನ ದೀಪ ಮಿನುಗಿಸುತ್ತಾರೆ. ಲೈಟ್ ಒಂದು ಕಡೆ, ನಂಬರ್ ಇನ್ನೊಂದು ಕಡೆ ಆದರೆ ಕೈ ಹಾಕಬೇಡಿ. ಯಾರು ಹೇಳಿದರೂ ಸರಿ.

ಚಾಲೂ ಮಾಡುವಾಗ

ಕ್ರಮ ಇದು: ಯುಪಿಎಸ್, ಆಮೇಲೆ ನೆಟ್‌ವರ್ಕ್ ಸ್ವಿಚ್ (ಎಲ್ಲ ಕಂಪ್ಯೂಟರುಗಳ ಕೇಬಲ್ ಬಂದು ಸೇರುವ ಪೆಟ್ಟಿಗೆ), ಆಮೇಲೆ ಸ್ಟೋರೇಜ್ ಪೆಟ್ಟಿಗೆ ಬೇರೆ ಇದ್ದರೆ ಅದು, ಕೊನೆಗೆ ಸರ್ವರ್. ಆಫ್ ಮಾಡುವಾಗ ಇದರ ಉಲ್ಟಾ.

ಬಟನ್ ಒತ್ತಿದ ಕೂಡಲೇ ನಡೆಯುವ ಮೊದಲ ತಪಾಸಣೆಗೆ ಪೋಸ್ಟ್ ಅನ್ನುತ್ತಾರೆ. ಮೆಮೊರಿ, ಪ್ರೊಸೆಸರ್, ಕಾರ್ಡುಗಳು ಎಲ್ಲ ಇವೆಯಾ ಅಂತ ಮಷೀನು ತನ್ನನ್ನು ತಾನೇ ನೋಡಿಕೊಳ್ಳುತ್ತದೆ. ಮನೆಯ ಕಂಪ್ಯೂಟರಿನಲ್ಲಿ ಇದು ಕೆಲವು ಸೆಕೆಂಡು. ಜಾಸ್ತಿ ಮೆಮೊರಿ ಇರುವ ಸರ್ವರಿನಲ್ಲಿ ಹಲವು ನಿಮಿಷ ಹಿಡಿಯಬಹುದು, ಪರದೆ ಕಪ್ಪಗೇ ಇರುತ್ತದೆ, ಫ್ಯಾನು ಜೋರಾಗಿ ಕೂಗುತ್ತದೆ. ಹೊಸಬರು ಗಾಬರಿಯಾಗಿ ಮತ್ತೆ ಪವರ್ ಬಟನ್ ಒತ್ತುತ್ತಾರೆ. ದಯವಿಟ್ಟು ಒತ್ತಬೇಡಿ. ಹತ್ತು ನಿಮಿಷ ಗಡಿಯಾರ ನೋಡಿ ಕಾಯಿರಿ.

ಪೋಸ್ಟ್ ನಡೆಸುವ, ಮಷೀನಿನ ಚಿಪ್ಪಿನಲ್ಲೇ ಇರುವ ತಂತ್ರಾಂಶ ಫರ್ಮ್‌ವೇರ್. ಹಳೆಯದಕ್ಕೆ ಬಯಾಸ್, ಈಗಿನದಕ್ಕೆ ಯುಇಎಫ್‌ಐ ಅನ್ನುತ್ತಾರೆ. ಅದು ಮುಗಿದು ಆಪರೇಟಿಂಗ್ ಸಿಸ್ಟಮ್ ಏಳುವುದಕ್ಕೆ ಬೂಟ್. ದೊಡ್ಡ ಬ್ಯಾಂಕುಗಳ ಐಬಿಎಂ ಮೇನ್‌ಫ್ರೇಮ್ ಅನ್ನೋ ಭಾರೀ ಕಂಪ್ಯೂಟರಿನ ಕೆಲಸಕ್ಕೆ ಮುಂದೆ ಹೋದರೆ ಇದಕ್ಕೇ ಐಪಿಎಲ್ ಅಂತ ಕೇಳುತ್ತೀರಿ, ಇನಿಶಿಯಲ್ ಪ್ರೋಗ್ರಾಂ ಲೋಡ್. ಅಲ್ಲಿ ಡಿಸ್ಕಿಗೆ ಡ್ಯಾಸ್ಡಿ ಅನ್ನುತ್ತಾರೆ, ಕೆಲಸ ನಡುವೆ ಕೆಟ್ಟು ನಿಂತರೆ ಅಬೆಂಡ್ ಅನ್ನುತ್ತಾರೆ.

ಈಗ 'ಬಂದ್' ಪದವನ್ನು ಒಡೆಯೋಣ. ಕ್ರಮವಾಗಿ ನಾವೇ ನಿಲ್ಲಿಸಿದರೆ ಅದು ಶಟ್‌ಡೌನ್. ನಿಲ್ಲಿಸಿ ಮತ್ತೆ ಏಳಿಸಿದರೆ ರೀಬೂಟ್. ಲೈಟು ಉರಿಯುತ್ತಿದೆ, ಪರದೆ ಅಲುಗಾಡುತ್ತಿಲ್ಲ ಅಂದರೆ ಹ್ಯಾಂಗ್. ತಾನೇ ಬಿದ್ದುಹೋದರೆ ಕ್ರ್ಯಾಶ್. ಪವರ್ ಬಟನ್ ನಾಲ್ಕೈದು ಸೆಕೆಂಡು ಒತ್ತಿ ಹಿಡಿದು ಆಫ್ ಮಾಡುವುದು ಫೋರ್ಸ್ ಶಟ್‌ಡೌನ್. ಅದು ಕೊನೆಯ ದಾರಿ, ಡೇಟಾಬೇಸ್ (ಲೆಕ್ಕ, ಹೆಸರುಗಳನ್ನೆಲ್ಲ ಇಡುವ ತಂತ್ರಾಂಶ) ಅರ್ಧ ಬರೆದದ್ದು ಹಾಳಾಗಬಹುದು. ಇನ್ನೊಂದು ಪದ ಸರ್ವಿಸ್, ಲಿನಕ್ಸಿನಲ್ಲಿ ಡೀಮನ್ ಅಂತಲೂ ಕರೆಯುತ್ತಾರೆ. ತೆರೆಯ ಹಿಂದೆ ಸದಾ ನಡೆಯುತ್ತಿರುವ ಪ್ರೋಗ್ರಾಂ ಇದು. "ಸರ್ವರ್ ಚಾಲೂ ಇದೆ, ಡೇಟಾಬೇಸ್ ಸರ್ವಿಸ್ ನಿಂತಿದೆ" ಅಂತ ಹೇಳಿದರೆ ಹತ್ತು ನಿಮಿಷದ ಕೆಲಸ. ಬರೀ "ಬಂದ್ ಆಗ್ಯಾದ" ಅಂದರೆ ಒಂದು ತಾಸು ಪ್ರಶ್ನೆ-ಉತ್ತರದಲ್ಲೇ ಹೋಗುತ್ತದೆ.

ಸರ್ವರಿನ ಹಿಂದೆ ಉಳಿದ ನೆಟ್‌ವರ್ಕ್ ಪೋರ್ಟುಗಳಿಂದ ಸ್ವಲ್ಪ ದೂರ ಒಂದು ಒಂಟಿ ಪೋರ್ಟ್ ಇರುತ್ತದೆ. ಅದು ಮ್ಯಾನೇಜ್‌ಮೆಂಟ್ ಪೋರ್ಟ್. ಡೆಲ್‌ನಲ್ಲಿ ಐಡ್ರ್ಯಾಕ್, ಎಚ್‌ಪಿಇಯಲ್ಲಿ ಐಎಲ್‌ಓ ಅನ್ನುತ್ತಾರೆ. ಸರ್ವರ್ ಆಫ್ ಇದ್ದರೂ ಪ್ಲಗ್‌ನಲ್ಲಿ ಕರೆಂಟ್ ಇದ್ದರೆ ಸಾಕು, ಇದರ ಮೂಲಕ ದೂರದಿಂದಲೇ ಮಷೀನನ್ನು ಏಳಿಸಬಹುದು, ಎದ್ದ ಮೇಲೆ ಡಿಸ್ಕಿನ ಸ್ಥಿತಿ ನೋಡಬಹುದು. ಇದನ್ನು ಎಲ್ಲರೂ ಬಳಸುವ ನೆಟ್‌ವರ್ಕಿಗೆ ಹಚ್ಚಬೇಡಿ, ಕಂಪನಿ ಕೊಟ್ಟ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ.

ನೆಟ್‌ವರ್ಕು, ಬೇಗ ಬೇಗ

ಗೋಡೆಯಲ್ಲಿ ನೆಟ್‌ವರ್ಕ್ ಕೇಬಲ್ ಬಂದು ಮುಗಿಯುವ ಡಬ್ಬಿ ಐಓ ಬಾಕ್ಸ್. ರೂಮಿನ ಕಡೆ ಆ ಕೇಬಲುಗಳೆಲ್ಲ ಬಂದು ಸೇರುವ ಪಟ್ಟಿ ಪ್ಯಾಚ್ ಪ್ಯಾನೆಲ್. ಅಲ್ಲಿಂದ ಸ್ವಿಚ್ಚಿಗೆ ಹೋಗುವ ಚಿಕ್ಕ ಕೇಬಲ್ ಪ್ಯಾಚ್ ಕಾರ್ಡ್. ಕ್ಯಾಟ್ 6 ತಾಮ್ರದ ಕೇಬಲ್ ಒಟ್ಟು 100 ಮೀಟರ್ ಮೀರಬಾರದು. ಮಿಲ್ಲಿನ ಆಫೀಸಿನಿಂದ ಕಾಟಾವರೆಗೆ 150 ಮೀಟರ್ ಎಳೆದು, ನೆಟ್ ಬಂದು ಹೋಗುತ್ತದೆ ಅಂತ ದೂರಬೇಡಿ, ಅಲ್ಲಿಗೆ ಫೈಬರ್ ಬೇಕು.

ಐಪಿ ಅಡ್ರೆಸ್ ಮಷೀನಿನ ವಿಳಾಸ, ಗೇಟ್‌ವೇ ಹೊರಗೆ ಹೋಗುವ ಬಾಗಿಲು, ಡಿಎನ್‌ಎಸ್ ಹೆಸರನ್ನು ವಿಳಾಸಕ್ಕೆ ಬದಲಿಸುವ ವ್ಯವಸ್ಥೆ. ಡಿಎಚ್‌ಸಿಪಿ ವಿಳಾಸ ಹಂಚುತ್ತದೆ. ಆದರೆ ಸರ್ವರಿಗೆ ಮಾತ್ರ ಬದಲಾಗದ ವಿಳಾಸ ಕೊಡಿ, ಅದನ್ನು ಸ್ಟ್ಯಾಟಿಕ್ ಅನ್ನುತ್ತಾರೆ. ಯಾವುದೋ ಕಂಪ್ಯೂಟರಿನ ವಿಳಾಸ 169.254 ಅಂತ ಶುರುವಾಗಿದ್ದರೆ ಅದಕ್ಕೆ ಯಾರೂ ವಿಳಾಸ ಕೊಟ್ಟಿಲ್ಲ, ತಾನೇ ಇಟ್ಟುಕೊಂಡಿದೆ ಅಂತ ಅರ್ಥ. ಮೊದಲು ಕೇಬಲ್ ನೋಡಿ. ಆಮೇಲೆ ಗೇಟ್‌ವೇಗೆ ಪಿಂಗ್ ('ಇದ್ದೀಯಾ?' ಅಂತ ಕೇಳಿ ಉತ್ತರ ಕಾಯುವ ಕಮಾಂಡ್), ಆಮೇಲೆ ಸರ್ವರಿಗೆ ಪಿಂಗ್. ಎಲ್ಲಿ ಉತ್ತರ ನಿಂತಿತೋ ಅಲ್ಲಿ ಹುಡುಕಿ.

ತಂತ್ರಾಂಶ ಹಾಕುವಾಗ

ಜನ ನಿಜವಾಗಿ ಕೆಲಸ ಮಾಡುವ ಸರ್ವರಿಗೆ ಪ್ರೊಡಕ್ಷನ್ ಅನ್ನುತ್ತಾರೆ, ಪ್ರಯೋಗಕ್ಕೆ ಇಟ್ಟದ್ದು ಟೆಸ್ಟ್. ಹೊಸದೇನೇ ಇದ್ದರೂ ಮೊದಲು ಟೆಸ್ಟಿನಲ್ಲಿ. ಪ್ಯಾಚ್ ಅಂದರೆ ತೂತು ಮುಚ್ಚುವ ಸಣ್ಣ ತಿದ್ದುಪಡಿ, ವರ್ಷನ್ ಅಂದರೆ ತಂತ್ರಾಂಶದ ಆವೃತ್ತಿ, ಬಿಲ್ಡ್ ಅಂದರೆ ಆ ವರ್ಷನ್ನಿನೊಳಗಿನ ಇನ್ನೂ ಸೂಕ್ಷ್ಮ ನಂಬರು. ಫೋನಿನಲ್ಲಿ ಕೇಳಿದಾಗ ಬಿಲ್ಡ್ ನಂಬರನ್ನೂ ಹೇಳಿ. ರೋಲ್‌ಬ್ಯಾಕ್ ಅಂದರೆ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳುವ ದಾರಿ. ಆ ದಾರಿ ಕಾಗದದ ಮೇಲೆ ಬರೆದಿಲ್ಲದಿದ್ದರೆ ಅಪ್‌ಡೇಟ್ ಶುರು ಮಾಡಬೇಡಿ.

ಕನ್ನಡ ಬಳಸುವವರು ಒಂದು ಪದವನ್ನು ಮರೆಯಲೇಬಾರದು, ಕ್ಯಾರೆಕ್ಟರ್ ಸೆಟ್. ಡೇಟಾಬೇಸ್ ಹಾಕುವಾಗ ಅದು ಯಾವ ಅಕ್ಷರಗಳನ್ನು ಇಟ್ಟುಕೊಳ್ಳಬೇಕು ಅಂತ ಕೇಳುತ್ತದೆ. ಎಲ್ಲರೂ ಓದದೆ ನೆಕ್ಸ್ಟ್ ಒತ್ತುತ್ತಾರೆ. ಆರು ತಿಂಗಳ ಮೇಲೆ ರೈತರ ಹೆಸರನ್ನು ಕನ್ನಡದಲ್ಲಿ ಹಾಕಿದರೆ ಬರೀ ಪ್ರಶ್ನೆಚಿಹ್ನೆ ಕಾಣುತ್ತವೆ. ಮೈಎಸ್‌ಕ್ಯೂಎಲ್ ಆದರೆ ಯುಟಿಎಫ್8ಎಂಬಿ4 ಆರಿಸಿ. ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್ ಆದರೆ ಹೆಸರಿನ ಕಾಲಂ ಎನ್‌ವಾರ್‌ಚಾರ್ ಇರಲಿ ಅಂತ ತಂತ್ರಾಂಶ ಬರೆದವರಿಗೆ ಹೇಳಿ.

ಉದ್ದದ ಲೆಕ್ಕವೂ ಬೇರೆ. 'ಕಲಬುರಗಿ' ಅನ್ನೋದು ನಮ್ಮ ಕಣ್ಣಿಗೆ ಐದು ಅಕ್ಷರ. ಕಂಪ್ಯೂಟರಿಗೆ ಕೊಂಬು, ಗುಡಿಸು ಎರಡೂ ಬೇರೆ, ಹಾಗಾಗಿ ಏಳು. ಯುಟಿಎಫ್-8 ಅನ್ನೋ ಅಕ್ಷರ ಬರೆದಿಡುವ ಪದ್ಧತಿಯಲ್ಲಿ ಒಂದೊಂದಕ್ಕೂ ಮೂರು ಬೈಟ್, ಒಟ್ಟು 21. ಒರಾಕಲ್ ಡೇಟಾಬೇಸಿನಲ್ಲಿ ಬೇರೆ ಏನೂ ಹೇಳದಿದ್ದರೆ ಕಾಲಂ ಉದ್ದ ಬೈಟ್ ಲೆಕ್ಕದಲ್ಲೇ ಇರುತ್ತದೆ. ಊರಿನ ಹೆಸರಿಗೆ 20 ಸಾಕು ಅಂತ ಇಟ್ಟರೆ ನಮ್ಮ ಊರೇ ಅದರಲ್ಲಿ ಹಿಡಿಯುವುದಿಲ್ಲ. ಇದನ್ನು ಮೊದಲ ದಿನವೇ ನೋಡಿ, ಸಾವಿರಾರು ಹೆಸರು ತುಂಬಿದ ಮೇಲೆ ಬದಲಿಸೋದು ತುಂಬಾ ಕಷ್ಟ.

ಬ್ಯಾಕಪ್, ಎಎಂಸಿ, ಮತ್ತು ಬಾಗಿಲಿಗೆ ಅಂಟಿಸುವ ಕಾಗದ

ರೇಡ್ ಇದ್ದರೆ ಬ್ಯಾಕಪ್ ಬೇಡ ಅಂತ ಹೇಳುವವರ ಮಾತು ಕೇಳಬೇಡಿ. ಯಾರೋ ತಪ್ಪಾಗಿ ಫೈಲ್ ಅಳಿಸಿದರೆ ರೇಡ್ ಎಲ್ಲ ಡಿಸ್ಕಿನಿಂದಲೂ ನಿಷ್ಠೆಯಿಂದ ಅಳಿಸುತ್ತದೆ. ಎಲ್ಲವನ್ನೂ ನಕಲು ಮಾಡಿದರೆ ಫುಲ್ ಬ್ಯಾಕಪ್. ಹಿಂದಿನ ಬ್ಯಾಕಪ್ ಆದಮೇಲೆ ಬದಲಾದದ್ದು ಮಾತ್ರ ಆದರೆ ಇಂಕ್ರಿಮೆಂಟಲ್. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ, ಇದಕ್ಕೆ 3-2-1 ಅನ್ನುತ್ತಾರೆ. ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಒಂದು ಫೈಲನ್ನಾದರೂ ವಾಪಸ್ ತಂದು ತೆರೆದು ನೋಡಿ. ಅದಕ್ಕೆ ರಿಸ್ಟೋರ್ ಟೆಸ್ಟ್ ಅಂತ ಹೆಸರು.

ಎಎಂಸಿ ಅಂದರೆ ವರ್ಷದ ದುರಸ್ತಿ ಒಪ್ಪಂದ. ಆ ಕಾಗದದಲ್ಲಿ ರೆಸ್ಪಾನ್ಸ್ ಟೈಮ್ 4 ಗಂಟೆ ಅಂತ ಬರೆದಿದ್ದರೆ ನಾಲ್ಕು ಗಂಟೆಯಲ್ಲಿ ಉತ್ತರ ಕೊಡುತ್ತಾರೆ ಅಂತ ಅಷ್ಟೇ. ರಿಪೇರಿ ಮುಗಿಸುವುದಕ್ಕೆ ರೆಸಲ್ಯೂಷನ್ ಟೈಮ್ ಅಂತ ಬೇರೆ ಸಾಲು ಇರಬೇಕು. ಎನ್‌ಬಿಡಿ ಅಂದರೆ ಮುಂದಿನ ಕೆಲಸದ ದಿನ. ಶನಿವಾರ ಸಂಜೆ ಕೆಟ್ಟರೆ ಸೋಮವಾರ, ಅಂದು ರಜೆ ಇದ್ದರೆ ಮಂಗಳವಾರ. ಅಪ್‌ಟೈಮ್ (ಮಷೀನು ನಿಲ್ಲದೆ ನಡೆಯುವ ಸಮಯ) 99.9 ಪರ್ಸೆಂಟ್ ಅಂತ ಇದ್ದರೆ ವರ್ಷದಲ್ಲಿ ಸುಮಾರು 8 ಗಂಟೆ 45 ನಿಮಿಷ ನಿಂತರೂ ಅವರು ಮಾತು ಉಳಿಸಿಕೊಂಡಂತೆಯೇ. ಸಹಿ ಹಾಕುವ ಮೊದಲು ಈ ಸಾಲುಗಳನ್ನು ಯಜಮಾನರಿಗೆ ಓದಿ ಹೇಳಿ.

ಕೊನೆಯ ಕೆಲಸ, ಒಂದು ಎ4 ಕಾಗದ. ಸರ್ವರಿನ ಮಾಡೆಲ್, ಸೀರಿಯಲ್ ನಂಬರ್, ಐಪಿ ಅಡ್ರೆಸ್, ಯಾವ ಪವರ್ ವೈರು ಯಾವ ಯುಪಿಎಸ್‌ಗೆ, ರೇಡ್ ಯಾವುದು, ಬೇಗಳು ಯಾವ ಕಡೆಯಿಂದ ಸೊನ್ನೆ, ಎಎಂಸಿಯವರ ನಂಬರು, ಕೊನೆಯ ರಿಸ್ಟೋರ್ ಟೆಸ್ಟ್ ದಿನಾಂಕ. ಪಾಸ್‌ವರ್ಡ್ ಮಾತ್ರ ಇದರಲ್ಲಿ ಬೇಡ, ಅದು ಮುಚ್ಚಿದ ಲಕೋಟೆಯಲ್ಲಿ ಯಜಮಾನರ ಬೀಗದ ಕಪಾಟಿಗೆ. ಈ ಕಾಗದವನ್ನು ಅದೇ ಸರ್ವರಿನಲ್ಲಿ ಫೈಲ್ ಮಾಡಿ ಇಟ್ಟು ಸುಮ್ಮನಾಗಬೇಡಿ, ಅದು ಬಿದ್ದ ರಾತ್ರಿ ಫೈಲ್ ತೆರೆಯುವುದಿಲ್ಲ. ಪ್ರಿಂಟ್ ತೆಗೆದು, ಪ್ಲಾಸ್ಟಿಕ್ ಕವರಿಗೆ ಹಾಕಿ, ರ‍್ಯಾಕಿನ ಬಾಗಿಲಿನ ಒಳಬದಿಗೆ ಅಂಟಿಸಿ. ಮೇಲೊಂದು ಪೆನ್ನನ್ನೂ ದಾರ ಕಟ್ಟಿ ತೂಗುಹಾಕಿ. ಫೋನಿನಲ್ಲಿ ಮಾತಾಡುತ್ತಲೇ ಎಷ್ಟು ಗಂಟೆಗೆ ಏನು ಕಂಡಿತು, ಯಾವ ಲೈಟು ಯಾವ ಬಣ್ಣ, ಯಾರು ಏನು ಮಾಡಲು ಹೇಳಿದರು ಅಂತ ಪಕ್ಕದಲ್ಲೇ ಬರೆದುಕೊಳ್ಳಿ.